ಸಾಲಾಗಿ ಸಾಗುವಾಗ ಒಬ್ಬ ಬಿದ್ದರೆ

ಗೋವಾಕ್ಕೆ ಮೋಟಾರು ಸೈಕಲಿನಲ್ಲಿ ಹೋಗಿ ಬರುವುದು ಈಗ ನಮ್ಮ ಕಡೆಯ ಯುವಕರಿಗೆ ಹೊಸತೇನೂ ಅಲ್ಲ. ಬೆಳಗಿನ ಜಾವ ಕಾಸರಗೋಡಿನಿಂದ ಹೊರಟು, ತಲಪಾಡಿ ದಾಟಿ, ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾರವಾರ ಎಂದು ಒಂದೇ ಹೆದ್ದಾರಿಯನ್ನು ಹಿಡಿದರೆ ಸಂಜೆಗೆ ಪಣಜಿ. ಮಾಂಡೋವಿ ನದಿ ದಾಟಿ ಮತ್ತೆ 13 ಕಿ.ಮೀ. ಹೋದರೆ ಬಾರ್ದೇಸ್ ತಾಲೂಕಿನ ಮುಖ್ಯ ಪೇಟೆಯಾದ ಮ್ಹಾಪಸಾ. ಒಟ್ಟು ನಾನೂರು ಕಿ.ಮೀ.ಗೆ ತುಸು ಮಿಕ್ಕಿದ ದಾರಿ. ಹಿಂದೆ ಇದನ್ನು 17ನೇ ನಂಬರಿನ ಹೆದ್ದಾರಿ ಎನ್ನುತ್ತಿದ್ದರು. ಈಗ ನಂಬರು 66 ಆಗಿದೆ.

ಮ್ಹಾಪಸೆಯಿಂದ ಸಮುದ್ರದ ಕಡೆಗೆ ಹೊರಳಿದರೆ ಹತ್ತು ಕಿ.ಮೀ. ಒಳಗೆ ವಾಗಾತೋರ್ ಸಿಗುತ್ತದೆ. ಬೈಕು ಸವಾರರ ಪಾಲಿಗೆ ಅದು ಜಾತ್ರೆಯ ಗದ್ದೆ. ‘ಇಂಡಿಯಾ ಬೈಕ್ ವೀಕ್’ ಎಂಬ ಮೇಳ 2013ರಲ್ಲಿ ಆರಂಭವಾದುದು ಅಲ್ಲಿ. ರಾಯಲ್ ಎನ್‌ಫೀಲ್ಡ್ ಸವಾರರ ‘ರೈಡರ್ ಮೇನಿಯಾ’ವೂ ಅಲ್ಲಿ ನಡೆದುಬಂದಿದೆ, 2023ರಲ್ಲಿ ಅದಕ್ಕೆ ‘ಮೋಟೋವರ್ಸ್’ ಎಂಬ ಹೆಸರು ಬಂತು. ಮೇಳ ಇರಲಿ ಇಲ್ಲದಿರಲಿ, ಎಂಟು ಹತ್ತು ಮಂದಿ ಒಟ್ಟುಗೂಡಿ ಹೊರಡುವ ರೂಢಿ ಬೆಳೆದಿದೆ. ಅಷ್ಟು ದೂರ ಓಡಿಸಲು ಮನಸ್ಸಿಲ್ಲದವರು ಕೊಂಕಣ ರೈಲು ಹತ್ತಿ ಮ್ಹಾಪಸೆಗೆ ಹತ್ತಿರದ ಥಿವಿಂ ನಿಲ್ದಾಣದಲ್ಲಿ ಇಳಿದು, ಬಾಡಿಗೆಯ ಬೈಕು ಹಿಡಿಯುತ್ತಾರೆ.

ಇಂತಹ ಪ್ರವಾಸದಲ್ಲಿ ದೊಡ್ಡ ಅಪಘಾತವಾದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸಣ್ಣದಾಗಿ ಬಿದ್ದರೆ? ಮೊಣಕೈ ತರಚುತ್ತದೆ, ಒಂದು ಕನ್ನಡಿ ಒಡೆಯುತ್ತದೆ, ಬ್ರೇಕಿನ ಹಿಡಿ ಬಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಅದು ತಮಾಷೆಯ ಮಾತಾಗಿ, ಮರುದಿನ ಮರೆತೂ ಹೋಗುತ್ತದೆ. ಈ ಲೇಖನ ಆ ಮರೆತುಹೋಗುವ ಸಣ್ಣ ಅಪಘಾತದ ಕುರಿತಾದದ್ದು. ತಂಡದಲ್ಲಿ ಒಬ್ಬ ಬಿದ್ದಾಗ, ಬೀಳಿಸಿದ್ದು ಬಹಳ ಸಲ ಆತನ ಕೈ ಮಾತ್ರವಲ್ಲ, ತಂಡದ ಸಾಲು ಕೂಡ. ಇದನ್ನು ತಿಳಿಯಲು ಸಣ್ಣ ಅಪಘಾತದಷ್ಟು ಅಗ್ಗದ ಅವಕಾಶ ಬೇರೆ ಸಿಗದು.

ಬೀಳುವುದು ಹೀಗೆ

ಮ್ಹಾಪಸೆಯ ಶುಕ್ರವಾರದ ಸಂತೆ ಹೆಸರಾದದ್ದು. ಮೊಯ್ರಾ ಊರಿನ ಬಾಳೆಹಣ್ಣು, ಮಣ್ಣಿನ ಮಡಕೆ, ಮೆಣಸು, ಒಣಮೀನು, ಬೆಳಗಾವಿ ಕಡೆಯಿಂದ ಬರುವ ತರಕಾರಿ ಎಲ್ಲವೂ ಅಲ್ಲಿ ಸೇರುತ್ತವೆ. ಕೊಂಕಣಿಯ ನಡುವೆ ಬಡಗಣ ಕರ್ನಾಟಕದ ಕನ್ನಡವೂ ಕಿವಿಗೆ ಬೀಳುತ್ತದೆ. (ಕಾಸರಗೋಡಿನ ಕೊಂಕಣಿಗರಿಗೆ ಇಲ್ಲಿ ಮಾತಿಗೆ ತೊಂದರೆಯಿಲ್ಲ, ಅವರ ಹಿರಿಯರು ಬಿಟ್ಟು ಬಂದ ನಾಡೇ ಇದು.) ಅಂದು ಪೇಟೆಯ ಸುತ್ತಲಿನ ರಸ್ತೆಗಳಲ್ಲಿ ಜನ, ಟೆಂಪೋ, ಸ್ಕೂಟರ್, ದನ ಎಲ್ಲ ಒಂದಾಗಿರುತ್ತವೆ.

ದಿನವಿಡೀ ಹೆದ್ದಾರಿಯಲ್ಲಿ ಅರುವತ್ತು ಎಪ್ಪತ್ತರ ವೇಗದಲ್ಲಿ ಬಂದ ತಂಡವೊಂದು ಇಂಥ ರಸ್ತೆಗೆ ಇಳಿಯಿತೆನ್ನಿ. ಮುಂದಿನವನು ತರಕಾರಿ ಬುಟ್ಟಿಯೊಂದನ್ನು ಕಂಡು ನಿಂತ. ಎರಡನೆಯವನ ಕಣ್ಣು ಬುಟ್ಟಿಯ ಮೇಲಿರಲಿಲ್ಲ, ಮುಂದಿನವನ ಹಿಂಬದಿ ದೀಪದ ಮೇಲಿತ್ತು. ದೀಪ ಕೆಂಪಾದೊಡನೆ ಆತ ಬದಿಗೆ ತಿರುಗಿಸುತ್ತಲೇ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದ. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಚಕ್ರವನ್ನು ಹಾಗೆ ಹಿಡಿದುಬಿಟ್ಟರೆ, ನಡಿಗೆಯ ವೇಗದಲ್ಲಿದ್ದರೂ ಬೈಕು ಮಗ್ಗುಲಿಗೆ ಮಲಗುತ್ತದೆ. ರಸ್ತೆಯಲ್ಲಿ ಮುರಕಲ್ಲಿನ ಪುಡಿಯೋ ತರಕಾರಿ ಸಿಪ್ಪೆಯೋ ಇದ್ದರೆ ಕೇಳುವುದೇ ಬೇಡ. 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳಿಗೆ ಚಕ್ರ ಬಿಗಿಯದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ, ನಿಜ. ಆದರೆ ಇಷ್ಟು ನಿಧಾನದಲ್ಲಿ ಅದರಿಂದಲೂ ಹೆಚ್ಚಿನ ನೆರವಿಲ್ಲ. ಮೂರನೆಯವನು ಎರಡನೆಯವನನ್ನು ತಪ್ಪಿಸಲು ಹೋಗಿ ಕಾಲೂರಿ ನಿಂತರೆ ಅದು ಪುಣ್ಯ.

ಬಿದ್ದವನನ್ನು ಕೇಳಿದರೆ, ‘ರಸ್ತೆ ಜಾರಿತು ಮಾರಾಯ್ರೆ’ ಎನ್ನುತ್ತಾನೆ. ರಸ್ತೆ ಜಾರಿದ್ದು ಹೌದು. ಆದರೆ ಆತ ನೋಡುತ್ತಿದ್ದುದು ಏನನ್ನು? ಎಷ್ಟು ದೂರದಿಂದ?

ವೇಗವೊಂದೇ ಎಲ್ಲಕ್ಕೂ ಕಾರಣವೆಂದು ನಾವು ನಂಬಿದ್ದೇವೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಲಿನ 900 ಮೋಟಾರು ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟರು. ಅಪಘಾತದ ಮುನ್ನ ಸವಾರರ ಮಧ್ಯಮ ವೇಗ ಗಂಟೆಗೆ ಸುಮಾರು 48 ಕಿ.ಮೀ., ಬಡಿಯುವ ಹೊತ್ತಿಗೆ ಸುಮಾರು 35 ಕಿ.ಮೀ. ಮಾತ್ರ! ಅಪಾಯ ಕಂಡಲ್ಲಿಂದ ಏನಾದರೂ ಮಾಡಲು ಸಿಕ್ಕಿದ ಸಮಯ ಎರಡು ಸೆಕೆಂಡಿಗೂ ಕಡಿಮೆ. ಹೆಚ್ಚಿನವರು ಹಿಂದಿನ ಬ್ರೇಕನ್ನು ತುಳಿದು ಚಕ್ರ ಜಾರಿಸಿದ್ದರು, ಮುಂದಿನದನ್ನು ಸರಿಯಾಗಿ ಬಳಸಿರಲಿಲ್ಲ. ನೂರಕ್ಕೆ 92 ಮಂದಿ ಬೈಕು ಕಲಿತದ್ದು ತಾವಾಗಿಯೇ, ಇಲ್ಲವೆ ಮನೆಯವರಿಂದ, ಗೆಳೆಯರಿಂದ. ನಮ್ಮಲ್ಲಿಯೂ ಅಣ್ಣನ ಹಿಂದೆ ಕುಳಿತು, ಶಾಲೆಯ ಮೈದಾನದಲ್ಲಿ ಎರಡು ಸುತ್ತು ಹಾಕಿ ಕಲಿತವರೇ ಅಲ್ಲವೆ ಹೆಚ್ಚಿನವರು?

ಈಗ ಸಾಲಿನ ವಿಷಯ. ತೇರು ಎಳೆಯುವಾಗ ನೋಡಿದ್ದೀರಲ್ಲ, ಮುಂದಿನವರು ತುಸು ನಿಂತರೆ ಹಗ್ಗದ ಕೊನೆಯಲ್ಲಿದ್ದವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮತ್ತೆ ಹೊರಟಾಗ ಹಿಂದಿನವರು ಓಡಬೇಕು. ಬೈಕಿನ ಸಾಲೂ ಅದೇ, ಹಗ್ಗ ಕಾಣುವುದಿಲ್ಲ ಅಷ್ಟೆ. ಕಾಣಕೋಣದಿಂದ ಮಡಗಾಂವಿನ ಕಡೆಗೆ ಕರ್ಮಲ್ ಘಾಟಿಯ ತಿರುವುಗಳಲ್ಲಿ ಮುಂದಿನವನು ಲಾರಿಯೊಂದನ್ನು ಹಿಂದಿಕ್ಕಿ ಅರುವತ್ತರಲ್ಲಿ ಹೋಗುತ್ತಿದ್ದಾನೆ. ಲಾರಿಯ ಹಿಂದೆ ಸಿಕ್ಕಿಬಿದ್ದ ಆರನೆಯವನು ಅವನನ್ನು ಸೇರಬೇಕಾದರೆ ಎಂಬತ್ತಕ್ಕೆ ಏರಬೇಕು. ತಂಡದಲ್ಲಿ ಹೊಸಬರನ್ನು ಕೊನೆಗೆ ಹಾಕುವುದು ವಾಡಿಕೆ. ಎಲ್ಲರಿಗಿಂತ ಕಡಿಮೆ ಅನುಭವದವನು ಎಲ್ಲರಿಗಿಂತ ಹೆಚ್ಚು ವೇಗದಲ್ಲಿ ತಿರುವು ತೆಗೆದುಕೊಳ್ಳುವಂತೆ ಮಾಡುವ ಏರ್ಪಾಡು ಇದು. ಪಣಜಿಯಲ್ಲಿ 2019ರಲ್ಲಿ ತೆರೆದ ಅಟಲ್ ಸೇತುವಿನ ಮೇಲೆ ದ್ವಿಚಕ್ರಗಳನ್ನು ಬಿಡಲಿಲ್ಲ. ಸಾಮಾನು ಹೊತ್ತ ಕಾರು ಮೇಲಿನಿಂದ ಹೋಗಿ, ಬೈಕುಗಳು ಹಳೆಯ ಸೇತುವೆ ಹಿಡಿದರೆ ತಂಡ ಎರಡಾಗುತ್ತದೆ, ಕೂಡಿಕೊಳ್ಳುವ ಧಾವಂತ ಅಲ್ಲಿಯೂ ಶುರುವಾಗುತ್ತದೆ. ಮ್ಹಾಪಸಾ ಬರುವುದು ಇದೆಲ್ಲ ಆದ ಮೇಲೆ, ಮೈ ದಣಿದಿರುವಾಗ.

ಇದಕ್ಕೆ ಪರಿಹಾರ ಗುಟ್ಟಿನದ್ದೇನೂ ಅಲ್ಲ. ಅಮೆರಿಕದ ಮೋಟರ್‌ಸೈಕಲ್ ಸೇಫ್ಟಿ ಫೌಂಡೇಶನ್ ಹೇಳುವಂತೆ ಒಂದು ತಂಡದಲ್ಲಿ ಐದರಿಂದ ಏಳು ಬೈಕು ಸಾಕು. ಹೆಚ್ಚಿದ್ದರೆ ಎರಡು ತಂಡ ಮಾಡಬೇಕು. ನೇರ ರಸ್ತೆಯಲ್ಲಿ ಒಬ್ಬ ಬಲಕ್ಕೆ, ಮುಂದಿನವನು ಎಡಕ್ಕೆ, ಹೀಗೆ ಎಡಬಲವಾಗಿ ಸಾಗಬೇಕು. ಓರೆಯಲ್ಲಿರುವವನಿಗೂ ತನಗೂ ಒಂದು ಸೆಕೆಂಡಿನ, ತನ್ನ ನೇರ ಮುಂದಿನವನಿಗೂ ತನಗೂ ಎರಡು ಸೆಕೆಂಡಿನ ಅಂತರ ಇರಬೇಕು. ಅರುವತ್ತರ ವೇಗದಲ್ಲಿ ಎರಡು ಸೆಕೆಂಡೆಂದರೆ 33 ಮೀಟರು. ನಮ್ಮ ತಂಡಗಳು ಫೋಟೋಕ್ಕಾಗಿ ಬಿಡುವ ಅಂತರ ಇದರ ಕಾಲು ಭಾಗವೂ ಇರುವುದಿಲ್ಲ. ತಿರುವಿನಲ್ಲೂ ಪೇಟೆಯಲ್ಲೂ ಒಂದೇ ಸಾಲು ಮಾಡಿ ಅಂತರ ಹೆಚ್ಚಿಸಬೇಕು. ಹೊಸಬ ಮುಂಚೂಣಿಯವನ ಬೆನ್ನ ಹಿಂದೆ, ಅನುಭವಿ ಕಟ್ಟಕಡೆಗೆ. ಎಲ್ಲಕ್ಕಿಂತ ಮೊದಲು, ಸಾಲು ತುಂಡಾದರೆ ಕಾಯುವ ಜಾಗವನ್ನು ಹೊರಡುವಾಗಲೇ ಗೊತ್ತುಮಾಡಿಕೊಂಡರೆ ಯಾರೂ ಯಾರನ್ನೂ ಬೆನ್ನಟ್ಟಬೇಕಿಲ್ಲ.

ಗೋವಾದ ಪೇಟೆಗಳಲ್ಲಿ ‘ಪೈಲಟ್’ ಎಂದರೆ ವಿಮಾನ ಹಾರಿಸುವವನಲ್ಲ. ಹಳದಿ ಕಪ್ಪು ಬಣ್ಣದ ಬೈಕಿನ ಹಿಂದೆ ಒಬ್ಬ ಪ್ರಯಾಣಿಕನನ್ನು ಕೂರಿಸಿ ಬಾಡಿಗೆಗೆ ಓಡಿಸುವವನು. ಬೆಂಗಳೂರಿನಲ್ಲಿ ಬೈಕು ಟ್ಯಾಕ್ಸಿಯ ಜಗಳ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಗೋವಾದಲ್ಲಿ ಇದು ಸರಕಾರದ ಪರವಾನಗಿಯ ವೃತ್ತಿಯಾಗಿತ್ತು. ಮ್ಹಾಪಸೆಯ ಸಂತೆಯ ನಡುವೆಯೇ ಅವರು ದಿನವಿಡೀ ಓಡಾಡುತ್ತಾರೆ. ಆ ಸವಾರನಿಗೂ ನಮ್ಮ ತಂಡದ ಹುಡುಗನಿಗೂ ಒಂದು ವ್ಯತ್ಯಾಸವಿದೆ: ಪೈಲಟನ ಮುಂದೆ ಹಿಂಬಾಲಿಸಬೇಕಾದ ಗೆಳೆಯನಿಲ್ಲ. ಅವನ ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ.

ಬಿದ್ದ ಮೇಲೆ

ಬಿದ್ದೊಡನೆ ಎಲ್ಲರೂ ಓಡಿಬಂದು ಮೊದಲು ಬೈಕನ್ನು ಎತ್ತುತ್ತಾರೆ; ಇದೊಂದು ವಿಚಿತ್ರ. ಎಂಜಿನ್ ನಿಲ್ಲಿಸಿ, ಹಿಂದಿನಿಂದ ಬರುವ ವಾಹನಗಳಿಗೆ ಕೈ ತೋರಿಸಲು ಒಬ್ಬನನ್ನು ನಿಲ್ಲಿಸಬೇಕು. ಬಿದ್ದವನು ತಾನಾಗಿ ಎದ್ದರೆ ಬದಿಯಲ್ಲಿ ಕೂರಿಸಬೇಕು. ಕುತ್ತಿಗೆ ನೋವು ಎಂದರೆ, ಮಾತು ತೊದಲಿದರೆ, ಹೆಲ್ಮೆಟನ್ನು ಎಳೆದು ತೆಗೆಯದೆ, ಅಲುಗಾಡಿಸದೆ 108ಕ್ಕೆ ಫೋನು ಮಾಡಬೇಕು. ಜಿಲ್ಲಾ ಆಸ್ಪತ್ರೆ ಮ್ಹಾಪಸೆಯಲ್ಲಿಯೇ ಇದೆ. ಅಪರಿಚಿತರು ನೆರವಿಗೆ ಬರಲು ಪೊಲೀಸ್ ಕೇಸಿಗೆ ಹೆದರುವ ಕಾಲವೊಂದಿತ್ತು. 2016ರ ಸುಪ್ರೀಂ ಕೋರ್ಟಿನ ಆದೇಶ ಮತ್ತು 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಆ ಹೆದರಿಕೆಗೆ ಕಾರಣವಿಲ್ಲದಂತೆ ಮಾಡಿವೆ.

ಬಿದ್ದವನು ಹತ್ತು ನಿಮಿಷದಲ್ಲಿ ‘ಏನೂ ಆಗಿಲ್ಲ, ಹೋಗುವ’ ಎನ್ನುತ್ತಾನೆ. ಆ ಮಾತನ್ನು ನಂಬಬಾರದು. ಗಾಬರಿಯಾದ ಮೈ ನೋವನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ. ಬೀಳುವಾಗ ಎಲ್ಲರೂ ಅಂಗೈ ಊರುತ್ತಾರೆ. ಆಗ ಮಣಿಗಂಟಿನಲ್ಲಿ ಹೆಬ್ಬೆರಳ ಬುಡಕ್ಕಿರುವ ಪುಟ್ಟ ಎಲುಬೊಂದು ಬಿರಿಯುವುದುಂಟು. ಬಾವು ಹೆಚ್ಚಿಲ್ಲ, ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ಉಳುಕೆಂದು ಎಣ್ಣೆ ಹಚ್ಚಿ ಬಿಟ್ಟರೆ, ರಕ್ತ ಸಂಚಾರ ಕಡಿಮೆಯಿರುವ ಆ ಎಲುಬು ಕೂಡಿಕೊಳ್ಳದೆ ಮುಂದೆ ವರ್ಷಗಟ್ಟಲೆ ಕಾಡುತ್ತದೆ. ಹೆಬ್ಬೆರಳ ಬುಡವನ್ನು ಒತ್ತಿದಾಗ ನೋವಾದರೆ ವೈದ್ಯರಿಗೆ ಆ ಜಾಗವನ್ನೇ ತೋರಿಸಿ ಹೇಳಬೇಕು. ತರಚಿದಲ್ಲಿ ಕಲ್ಲುಪುಡಿ ಉಳಿಯದಂತೆ ಧಾರಾಳ ನೀರಿನಿಂದ ತೊಳೆಯುವುದು, ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರಣೆ, ಇವು ಎಲ್ಲರಿಗೂ ಗೊತ್ತಿದ್ದದ್ದೇ.

ಪೇಟೆ ಬಂತೆಂದು ಸೆಕೆಗೆ ಹೆಲ್ಮೆಟಿನ ಪಟ್ಟಿ ಸಡಿಲಿಸುವವರಿದ್ದಾರೆ. ಅವರಿಗೊಂದು ನೆನಪು: 2021ರ ಜೂನಿನಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ತೀರಿಕೊಂಡದ್ದು ಹೆದ್ದಾರಿಯಲ್ಲಲ್ಲ, ಬೆಂಗಳೂರಿನ ಬಡಾವಣೆಯೊಂದರಲ್ಲಿ ಗೆಳೆಯನ ಬೈಕಿನ ಹಿಂದೆ ಕುಳಿತು ಹೋಗುವಾಗ ಬಿದ್ದು, ತಲೆಗೆ ಪೆಟ್ಟಾಗಿ. ಹೆಲ್ಮೆಟು ಒಮ್ಮೆ ನೆಲಕ್ಕೆ ಬಡಿದರೆ ಹೊರಗೆ ಬಿರುಕು ಕಾಣದಿದ್ದರೂ ಅದರ ಕೆಲಸ ಮುಗಿಯಿತು. ಒಳಗಿನ ಥರ್ಮೊಕೋಲಿನಂಥ ಪದರ ಒಂದು ಸಲ ಜಜ್ಜಿದ ಮೇಲೆ ಮತ್ತೆ ಉಬ್ಬುವುದಿಲ್ಲ. ಹೊಸತು ಕೊಳ್ಳುವುದೇ ಸರಿ.

ಇನ್ನು ರಾತ್ರಿಯ ಮಾತುಕತೆ. ‘ಯಾರ ತಪ್ಪು’ ಎಂದು ಆರಂಭಿಸಿದರೆ ಬಿದ್ದವನು ಬಾಯಿ ಮುಚ್ಚುತ್ತಾನೆ, ಉಳಿದವರು ನಗುತ್ತಾರೆ. ವಿಮಾನಯಾನದವರು ಇದನ್ನು ಅರಿತುಕೊಂಡು ಬಹಳ ಕಾಲವಾಯಿತು. ಸಣ್ಣ ತಪ್ಪುಗಳನ್ನು, ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನು ಹೆಸರು ಹೊರಬೀಳದಂತೆ ಬರೆದು ಕಳುಹಿಸುವ ವ್ಯವಸ್ಥೆಯೊಂದು ಅಮೆರಿಕದಲ್ಲಿ 1976ರಲ್ಲಿ ಆರಂಭವಾಯಿತು. ಅದನ್ನು ನಡೆಸುವುದು ವಿಮಾನಯಾನದ ಅಧಿಕಾರಿಗಳಲ್ಲ, ಶಿಕ್ಷೆ ಕೊಡುವ ಅಧಿಕಾರವಿಲ್ಲದ ನಾಸಾ ಸಂಸ್ಥೆ. ಹೇಳಿದವನಿಗೆ ಭಯವಿಲ್ಲದಿದ್ದರೆ ಮಾತ್ರ ನಿಜ ಹೊರಬರುತ್ತದೆ ಎಂಬ ಲೆಕ್ಕ. ಹೋಟೆಲಿನ ಕೋಣೆಯಲ್ಲಿ ಕುಳಿತ ಏಳು ಮಂದಿ ಗೆಳೆಯರಿಗೆ ಇಷ್ಟು ಸಾಧ್ಯವಾಗದೆ? ಬ್ರೇಕು ಹಿಡಿಯುವಾಗ ಕಣ್ಣು ಎಲ್ಲಿತ್ತು, ಹಿಂದಿನವನು ಎಷ್ಟು ದೂರದಲ್ಲಿದ್ದ, ಕೊನೆಯ ಬಾರಿ ನೀರು ಕುಡಿದದ್ದು ಎಲ್ಲಿ, ಮುಂಚೂಣಿಯವನು ಕನ್ನಡಿ ನೋಡಿದ್ದನೆ? ಈ ಪ್ರಶ್ನೆಗಳನ್ನು ಬಿದ್ದವನಿಗಿಂತ ಮೊದಲು ಮುಂಚೂಣಿಯವನಿಗೆ ಕೇಳುವುದು ಒಳ್ಳೆಯದು. ವೇಗ ಗೊತ್ತುಮಾಡಿದವನು ಆತನಲ್ಲವೆ?

ಬಾಡಿಗೆ ಬೈಕಿನವರಿಗೆ ಒಂದು ಮಾತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವುದೇ ಬಾಡಿಗೆಗೆಂದು ನೋಂದಾಯಿಸಿದ ವಾಹನ. ಬಿಳಿ ಫಲಕದ ಖಾಸಗಿ ಬೈಕನ್ನು ಅಗ್ಗಕ್ಕೆ ಸಿಕ್ಕಿತೆಂದು ಹಿಡಿದು ಬಿದ್ದರೆ ವಿಮೆಯ ತಕರಾರು ಏಳುತ್ತದೆ.

ಮರಳಿ ಬರುವ ನಾನೂರು ಕಿ.ಮೀ. ಉಳಿದಿರುತ್ತದೆ. ಹೊರಡುವ ಮೊದಲು ಹ್ಯಾಂಡಲ್ ಓರೆಯಾಗಿದೆಯೆ, ಮುಂದಿನ ಚಕ್ರ ನೇರವಿದೆಯೆ, ಬ್ರೇಕಿನ ಹಿಡಿ ಪೂರ್ತಿ ಮರಳುತ್ತದೆಯೆ ಎಂದು ಮೆಕ್ಯಾನಿಕನಿಂದ ನೋಡಿಸಬೇಕು. ಮಣಿಗಂಟು ನೋಯುವವನು ಬ್ರೇಕು ಹಿಡಿಯಲಾರ, ಹಿಡಿದರೂ ಅರ್ಧ ಸೆಕೆಂಡು ತಡವಾಗಿ ಹಿಡಿಯುತ್ತಾನೆ. ಅಂಥವನ ಬೈಕನ್ನು ಮಡಗಾಂವಿನ ನಿಲ್ದಾಣದಲ್ಲಿ ಪೆಟ್ರೋಲು ತೆಗೆದು, ಗೋಣಿ ಸುತ್ತಿಸಿ, ಪಾರ್ಸೆಲಿಗೆ ಹಾಕಿ, ಅವನನ್ನು ರೈಲು ಹತ್ತಿಸುವುದುಂಟು. ಜತೆಗೊಬ್ಬ ಗೆಳೆಯನೂ ರೈಲಿನಲ್ಲಿಯೇ ಬಂದರೆ, ಅವನ ಬೈಕಿನ ಪಾರ್ಸೆಲ್ ಖರ್ಚನ್ನು ಉಳಿದವರು ಹಂಚಿಕೊಳ್ಳಬಹುದು.