ಹುಟ್ಟೂ ಆಯ್ಕೆಯೂ

ಅಸ್ತಿತ್ವವಾದವೆಂದೊಡನೆ ನಮ್ಮ ವಿದ್ಯಾವಂತರಲ್ಲಿ ಅನೇಕರಿಗೆ ಪ್ಯಾರಿಸ್ ನಗರದ ಕಾಫಿಯಂಗಡಿ, ಸಿಗರೇಟಿನ ಹೊಗೆ, ಕಾರಣವಿಲ್ಲದ ಬೇಸರ ಇವೇ ನೆನಪಿಗೆ ಬರುತ್ತವೆ. ಅದರ ತಿರುಳು ಬೇರೆ. ಕಮ್ಮಾರನು ಕುಡುಗೋಲಿನ ಉಪಯೋಗವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಬ್ಬಿಣವನ್ನು ಕಾಯಿಸುತ್ತಾನೆ; ಕುಡುಗೋಲು ಹುಟ್ಟುವ ಮೊದಲೇ ಅದರ ಸ್ವಭಾವವು ನಿಶ್ಚಿತ. ಮನುಷ್ಯನು ಹಾಗಲ್ಲ. ಅವನು ಮೊದಲು ಇರುತ್ತಾನೆ. ತಾನು ಏನೆಂಬುದನ್ನು ಆಮೇಲೆ ತನ್ನ ಆಯ್ಕೆಗಳಿಂದ ತಾನೇ ರೂಪಿಸಿಕೊಳ್ಳುತ್ತಾನೆ. 1945ರಲ್ಲಿ ಜಾನ್ ಪಾಲ್ ಸಾರ್ತ್ರನು ಪ್ಯಾರಿಸ್ಸಿನ ಉಪನ್ಯಾಸವೊಂದರಲ್ಲಿ ವಿವರಿಸಿದ ವಿಚಾರವಿದು.

ಮಾತೇನೋ ಹಿತವಾಗಿದೆ. ಆದರೆ ಒಬ್ಬನು ಬಾಯಿ ತೆರೆಯುವ ಮೊದಲೇ ಅವನು ಇಂಥವನೆಂದು ಇತರರು ತೀರ್ಮಾನಿಸಿಬಿಟ್ಟಿದ್ದರೆ ಅವನ ಆಯ್ಕೆಯ ಗತಿಯೇನು? ಸಾರ್ತ್ರನ ಸಂಗಾತಿ ಸಿಮೋನ್ ದ ಬೋವಾ 1949ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಸ್ತ್ರೀಯರ ಪರವಾಗಿ ಎತ್ತಿದಳು. ಹೆಣ್ತನವೆಂಬುದು ಹುಟ್ಟಿನೊಡನೆ ಬಂದುದಲ್ಲ, ಸಮಾಜವು ಹೆಣ್ಣುಮಗುವನ್ನು ತಿದ್ದಿ ತೀಡಿ ಆಗಿಸುವುದು ಎಂಬುದು ಅವಳ ವಾದ. ಮಾರ್ಟಿನಿಕ್ ದ್ವೀಪದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ಫ್ರಾನ್ಜ್ ಫ್ಯಾನನ್ 1952ರಲ್ಲಿ ಅದೇ ಪ್ರಶ್ನೆಯನ್ನು ಕರಿಯರ ಪರವಾಗಿ ಕೇಳಿದನು. ಬಿಳಿಯ ಮಗುವೊಂದು ತನ್ನನ್ನು ಕಂಡು ಬೆದರಿ ತಾಯಿಯನ್ನು ಕರೆದುದನ್ನು ಅವನು ವರ್ಣಿಸುತ್ತಾನೆ. ಅವನ ಓದು, ಅವನ ಆಯ್ಕೆ ಯಾವುದೂ ಆ ಮಗುವಿಗೆ ಕಾಣಿಸದು. ಕಂಡದ್ದು ಚರ್ಮ ಮಾತ್ರ. ಇತ್ತ ಸಾರ್ತ್ರನು 1948ರಲ್ಲಿ ಕರಿಯ ಕವಿಗಳ ಸಂಕಲನಕ್ಕೆ ಮುನ್ನುಡಿ ಬರೆದು, ಅವರ ಕಪ್ಪಿನ ಅಭಿಮಾನವು ದಾಟಿಹೋಗಬೇಕಾದ ಒಂದು ಮೆಟ್ಟಿಲೆಂದು ಹೇಳಿದ್ದನು. ಮೆಟ್ಟಿಲನ್ನು ಇನ್ನೂ ಹತ್ತುತ್ತಿದ್ದವನಿಗೆ ಈ ಮಾತು ರುಚಿಸಲಿಲ್ಲವೆಂದರೆ ಆಶ್ಚರ್ಯವೇನು?

ನಮ್ಮಲ್ಲಿ ಈ ಪ್ರಶ್ನೆಯು ಜಾತಿಯ ರೂಪದಲ್ಲಿ ಬರುತ್ತದೆ. ಜಾತಿಯೂ ಜನಾಂಗವೂ ಒಂದೇ ಅಲ್ಲ. ಜಾತಿಯು ಒಂದೇ ಜನಾಂಗದವರನ್ನು ಒಡೆದ ಸಾಮಾಜಿಕ ವಿಭಾಗವೆಂದು ಅಂಬೇಡ್ಕರರು 1936ರಲ್ಲಿಯೇ ತೋರಿಸಿದ್ದರು. ಆದರೂ ಹುಟ್ಟಿನಿಂದಲೇ ಒಬ್ಬನ ಬೆಲೆ ಕಟ್ಟುವ ಕೆಲಸದಲ್ಲಿ ಎರಡಕ್ಕೂ ನಂಟುಂಟು. ಅನಂತಮೂರ್ತಿಯವರ ‘ಸಂಸ್ಕಾರ’ವು 1965ರಲ್ಲಿ ಬಂದಾಗ ಕನ್ನಡಿಗರು ಅಸ್ತಿತ್ವವಾದದ ಸಂಕಟವನ್ನು ಪ್ರಾಣೇಶಾಚಾರ್ಯರಲ್ಲಿ ಕಂಡರು. ಅದು ಸರಿಯೇ. ಆದರೆ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರಾರೆಂದು ಅಗ್ರಹಾರವೆಲ್ಲ ತರ್ಕಿಸುತ್ತಿರುವಾಗ ಆ ಕೆಲಸವನ್ನು ಮುಗಿಸಿದವಳು ಚಂದ್ರಿ. ಅವಳಿಗೆ ನೆರವಾದವನು ಒಬ್ಬ ಮುಸಲ್ಮಾನ. ಆಯ್ಕೆಯ ವೇದನೆಯ ಪುಟಗಳೆಲ್ಲ ಆಚಾರ್ಯರವು, ಆಯ್ಕೆ ಮಾತ್ರ ಅವಳದು. ಅವಳು ಏನು ಯೋಚಿಸಿದಳೆಂಬುದನ್ನು ನಾವು ಹೆಚ್ಚಾಗಿ ಕೇಳುವುದೇ ಇಲ್ಲ.

ಅಂಥವಳ ಬಾಯಿಂದಲೇ ಮಾತನ್ನು ಕೇಳಬೇಕಾದರೆ ನಾವು ಹಿಂದಕ್ಕೆ, 12ನೆಯ ಶತಮಾನಕ್ಕೆ ಹೋಗಬೇಕು. ಸಿರುಗುಪ್ಪದ ಕಡೆಯಿಂದ ಬರುವವರು ದಢೇಸುಗೂರಿನಲ್ಲಿ ತುಂಗಭದ್ರೆಯನ್ನು ದಾಟಿ ಸಿಂಧನೂರು, ಮಸ್ಕಿಗಳ ಮೇಲೆ ಲಿಂಗಸುಗೂರನ್ನು ಸೇರುತ್ತಾರೆ. ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ, ಧರ್ಮನಿಷ್ಠನಾದರೆ ಅಲ್ಪನೂ ಪರಮಪ್ರಯೋಜನವನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ ಎಂದು ಅಶೋಕನು ಸಾರಿದ್ದಾನೆ. ಉದಾರವಾದ ಮಾತು. ಆದರೂ ಅದು ಮೇಲಿನಿಂದ ಬಂದ ಅಪ್ಪಣೆ.

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರೆಂದು ಪ್ರತೀತಿ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದನೆಂದೂ, ಲಕ್ಕಮ್ಮನು ಅದನ್ನು ಒಪ್ಪದೆ, ಆಸೆಯು ನಮಗೇಕೆಂದು ಹಿಂದಕ್ಕೆ ಕಳುಹಿಸಿದಳೆಂದೂ ಕಥೆ. ಇದನ್ನು ಬರಿಯ ನಿಸ್ಪೃಹತೆಯ ದೃಷ್ಟಾಂತವೆಂದು ಓದಿ ಮುಗಿಸುವುದು ನಮ್ಮ ವಾಡಿಕೆ. ನಮಗೆ ತೋರುವುದು ಬೇರೆ. ಬಡವರಿಗೆ ಒಂದು ಹಿಡಿ ಹೆಚ್ಚು ಸಿಕ್ಕಿದರೆ ಹಿಗ್ಗಬೇಕೆಂಬುದು ಲೋಕವು ಬಡವರಿಗೆ ಬರೆದಿಟ್ಟ ಸ್ವಭಾವ. ಗಂಡನು ತಂದುದನ್ನು ಮರುಮಾತಿಲ್ಲದೆ ಬೇಯಿಸಬೇಕೆಂಬುದು ಹೆಂಡತಿಗೆ ಬರೆದಿಟ್ಟದ್ದು. ಎರಡನ್ನೂ ಆಕೆ ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. ಬಡತನವು ತನ್ನ ಸ್ಥಿತಿಯೇ ಹೊರತು ತಾನಲ್ಲ ಎಂಬುದು ಇದರ ಅರ್ಥ. (ಅದೇ ಸಿಂಧನೂರಿನ ಸೀಮೆಯಲ್ಲಿ ಇಂದು ಎಡದಂಡೆ ಕಾಲುವೆಯ ನೀರಿನಿಂದ ಬತ್ತವು ಹೇರಳವಾಗಿ ಬೆಳೆಯುತ್ತದೆ, ನಾಟಿ ಮಾಡುವ ಕೈಗಳು ಹೆಚ್ಚಾಗಿ ಹೆಂಗಸರವೇ.)

ಹಾಗೆಂದು ಲಕ್ಕಮ್ಮನನ್ನು ಸಾರ್ತ್ರನ ಪಂಗಡಕ್ಕೆ ಸೇರಿಸುವುದು ತರವಲ್ಲ. ಅವನಿಗೆ ದೇವರಿಲ್ಲ, ಆಕೆಯ ಧೈರ್ಯವೆಲ್ಲ ಅಮರೇಶ್ವರಲಿಂಗದಲ್ಲಿ ನೆಟ್ಟದ್ದು. ಹತ್ತಿರದವನನ್ನು ಹುಡುಕುವುದಾದರೆ ಡೆನ್ಮಾರ್ಕಿನ ಭಕ್ತ ಕೀರ್ಕೆಗಾರ್ದನು ಸಿಕ್ಕಾನು. ಇನ್ನೂ ಒಂದು ಸಂಗತಿಯುಂಟು. ಮಾರಯ್ಯನ ವಚನಗಳ ಅಂಕಿತ ‘ಅಮರೇಶ್ವರಲಿಂಗ’; ಅದರಲ್ಲಿ ಹೆಂಡತಿಯ ಹೆಸರಿಲ್ಲ. ಅವನನ್ನೇ ತಿದ್ದಿದ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’.