ಬಿಷಪ್ ಕಾಲ್ಡ್‌ವೆಲ್ಲರೂ ಕನ್ನಡದ ಕುಲವೂ

ಕನ್ನಡವು ಸಂಸ್ಕೃತಜನ್ಯವೆಂಬ ಮಾತು ಒಂದು ಕಾಲದಲ್ಲಿ ವಿದ್ವದ್ವಲಯದಲ್ಲಿ ಪ್ರಚಲಿತವಾಗಿದ್ದಿತು. ಅದನ್ನು ಶಾಸ್ತ್ರಾಧಾರದಿಂದ ನಿರಾಕರಿಸಿದವರಲ್ಲಿ ಆಂಗ್ಲಿಕನ್ ಬಿಷಪ್ ರಾಬರ್ಟ್ ಕಾಲ್ಡ್‌ವೆಲ್ಲರು ಅಗ್ರಗಣ್ಯರು.

1814ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಇವರು 1838ರಲ್ಲಿ ಮದರಾಸಿಗೆ ಬಂದರು. 1841ರಲ್ಲಿ ಆಂಗ್ಲಿಕನ್ ಪಾದ್ರಿಗಳಾಗಿ ತಿರುನೆಲ್ವೇಲಿ ಸೀಮೆಯ ಇಡೈಯನ್‌ಗುಡಿಯಲ್ಲಿ ನೆಲಸಿ, ಸುಮಾರು ಐವತ್ತು ವರ್ಷ ತಮಿಳರೊಡನೆ ಬಾಳಿದರು. 1877ರಲ್ಲಿ ಬಿಷಪ್ ಪದವಿಗೇರಿ, 1891ರಲ್ಲಿ ಕೊಡೈಕನಾಲಿನಲ್ಲಿ ಕಾಲವಶರಾದರು.

1816ರಲ್ಲಿಯೇ ಎಲ್ಲಿಸ್ ಎಂಬ ಅಧಿಕಾರಿ ಸೂಚಿಸಿದ್ದ ವಿಚಾರವನ್ನು ಇವರು 1856ರ ತಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ವಿಸ್ತಾರವಾಗಿ ಸ್ಥಾಪಿಸಿದರು. ಪದಗಳನ್ನು ಎರವಲು ತರಬಹುದು. ಸರ್ವನಾಮ, ಸಂಖ್ಯಾವಾಚಕ, ವಿಭಕ್ತಿ ಪ್ರತ್ಯಯಗಳು ಸುಲಭವಾಗಿ ಎರವಲಾಗಿ ಬರುವುದಿಲ್ಲ. ಅವುಗಳಲ್ಲಿ ಕನ್ನಡವು ತಮಿಳು, ತೆಲುಗು, ಮಲಯಾಳಂ, ತುಳುಗಳ ಒಡಹುಟ್ಟೆಂಬುದೇ ಅವರ ವಾದದ ಸಾರ. ಈ ಭಾಷೆಗಳಿಗೆ ಸಿಥಿಯನ್ ನಂಟನ್ನು ಕಲ್ಪಿಸಿದ ಅವರ ಮತವನ್ನು ಮಾತ್ರ ಮುಂದಿನ ವಿದ್ವಾಂಸರು ಒಪ್ಪಲಿಲ್ಲ.

ನಮ್ಮ ಜಿಲ್ಲೆಯ ಊರುಗಳ ಹೆಸರುಗಳನ್ನೇ ನೋಡೋಣ. ಹಿರಿಯೂರಿನ ‘ಹಿರಿ’ ಹಳಗನ್ನಡದಲ್ಲಿ ‘ಪಿರಿ’, ತಮಿಳಿನಲ್ಲಿ ‘ಪೆರಿಯ’. ಹೊಳಲ್ಕೆರೆಯ ‘ಹೊಳಲ್’ ಹಿಂದಿನ ‘ಪೊೞಲ್’. ಹೊಸದುರ್ಗದಲ್ಲಿ ‘ದುರ್ಗ’ ಸಂಸ್ಕೃತದಿಂದ ಬಂದುದು, ‘ಹೊಸ’ ನಮ್ಮದೇ. ‘ದೇಶ್ಯ’ವೆಂದು ಪಾಠದಲ್ಲಿ ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಪದಗಳೇ ಕನ್ನಡದ ಮೂಲಧನ. ಅವನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಅಧ್ಯಾಪಕರಾದ ನಮ್ಮ ಕರ್ತವ್ಯ.