ಕರಿಜಾಲಿ ಕಟ್ಟಿಗೆ: ಹಸಿಯಲ್ಲಿ ಅವಸರ ಬೇಡ

ನಮ್ಮ ಎರೆಹೊಲದ ಬದುವಿನಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆಯುವ ಮರ ಕರಿಜಾಲಿ. ಮುಳ್ಳು ಚುಚ್ಚಿದಾಗ ಬೈತೀವಿ. ಆದರೆ ಕೂರಿಗೆ-ಕುಂಟೆಯ ದಿಂಡು, ನೇಗಿಲು, ಬಂಡಿಗಾಲಿಯ ಗುಂಭ, ಕೊಡಲಿ ಕಾವು, ಗಾಣದ ಒನಕೆ ಇವಕ್ಕೆಲ್ಲ ಹಿರಿಯರು ಹುಡುಕುತ್ತಿದ್ದುದು ಇದನ್ನೇ.

ಬಳ್ಳಾರಿ ಜಾಲಿ ಬೇರೆ. ಅದು ಅಮೆರಿಕ ಖಂಡದಿಂದ ಬಂದದ್ದು, ಸೊಟ್ಟ ಬೆಳೆಯುತ್ತದೆ, ಒಲೆಗೆ, ಇದ್ದಿಲಿಗೆ ಸರಿ. ಕರಿಜಾಲಿಗೆ ಹಳದಿ ಗುಂಡು ಹೂ, ಮಣಿ ಪೋಣಿಸಿದಂಥ ಕಾಯಿ. ಆ ಕಾಯಿ ಆಡಿಗೆ ಬಲು ಇಷ್ಟ.

ಒಣಗಿದ ಸಾಗುವಾನಿ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಕರಿಜಾಲಿ 800ರ ಹತ್ತಿರ ತೂಗುತ್ತದೆ. ಪೆಟ್ಟು ತಡೆಯುತ್ತದೆ. ಆದರೆ ಗಟ್ಟಿ ಇರುವುದು ಒಳಗಿನ ಕೆಂಪು ಚೇಗು ಮಾತ್ರ. ಹೊರಗಿನ ಬಿಳಿ ಭಾಗಕ್ಕೆ ಹುಳ ಬಿದ್ದು ಹಿಟ್ಟು ಉದುರುತ್ತದೆ. ಎಳೆ ಮರದಲ್ಲಿ ಬಿಳಿಯೇ ಹೆಚ್ಚು, ಕಡಿದರೆ ನಷ್ಟ.

1998ರ ಹಿಂಗಾರಿಯಲ್ಲಿ ನಾನೊಂದು ತಪ್ಪು ಮಾಡಿದೆ. ಹಳೆ ದಿಂಡು ಮುರಿದಿತ್ತು, ಜೋಳ ಬಿತ್ತಲು ಹದ ಬಂದಿತ್ತು. ಎಂಟು ದಿನದ ಹಿಂದೆ ಕಡಿದ ಕಟ್ಟಿಗೆಯನ್ನೇ ಬಡಿಗೇರ ಕಾಕಾರ ಮುಂದೆ ಹಾಕಿದೆ. "ತಮ್ಮಾ, ಹಸಿ ಐತಿ, ಸೀಳತೈತಿ" ಅಂದರು. ಕೇಳಲಿಲ್ಲ. ಎರಡನೇ ದಿನವೇ ಬಿಸಿಲಿಗೆ ತಾಳು ಕೂರಿಸಿದ ತೂತಿನಿಂದ ಸೀಳು ಬಿಟ್ಟಿತು. ನಡುವಿನ ತಾಳು ಅಲುಗಾಡಿ ಆ ಸಾಲಿನ ಬೀಜ ಮೇಲೆಯೇ ಬಿತ್ತು. ಎರವಲು ಕೇಳೋಣವೆಂದರೆ ಊರಿಗೆಲ್ಲ ಒಂದೇ ಹದ, ಯಾರು ಕೂರಿಗೆ ಬಿಟ್ಟಾರು? ನಾಲ್ಕು ದಿನದಲ್ಲಿ ಹಸಿ ಆರಿತು. ಎರಡೆಕರೆ ಹುಟ್ಟಲೇ ಇಲ್ಲ. ಕಾಕಾರಿಗೆ ಆ ವರ್ಷದ ಆಯ ಕೊಡುವಾಗ ಮುಖ ಎತ್ತಲಾಗಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ.

ಮುಂದೆ ಅವರೇ ಕಲಿಸಿದ ರೀತಿ ಇದು. ಕಡಿದ ಕೂಡಲೇ ತೊಗಟೆ ಸುಲಿದು, ಹಸಿ ಇದ್ದಾಗಲೇ ಬಾಚಿಯಿಂದ ದಪ್ಪಕ್ಕೆ ಕೆತ್ತಿಡಬೇಕು. ಒಣಗಿದ ಮೇಲೆ ಬಾಚಿಯ ಬಾಯಿಯೇ ಹೋಗುತ್ತದೆ. ನಂತರ ಎರಡು ತಿಂಗಳು ಕೆರೆ ನೀರಿನಲ್ಲಿ ಮುಳುಗಿಸಬೇಕು. ಕಟ್ಟಿಗೆಯೊಳಗಿನ ಹಿಟ್ಟಿನಂಶ ತೊಳೆದುಹೋಗಿ ಹುಳದ ಕಾಟ ಕಡಿಮೆಯಾಗುತ್ತದೆ. ತೆಗೆದು ಎರಡೂ ತುದಿಗೆ ಸಗಣಿ ಬಳಿದು ನೆರಳಲ್ಲಿ ಒಣಗಿಸಬೇಕು. ತುದಿ ಬೇಗ ಒಣಗಿದರೆ ಅಲ್ಲಿಂದಲೇ ಸೀಳುವುದು. ತಾಳಿನ ತೂತು ಹಾಕುವುದು ಪೂರ್ತಿ ಒಣಗಿದ ಮೇಲೆ. ಮೊಳೆಗೂ ಮೊದಲು ತೂತು ಕೊರೆಯಬೇಕು, ಇಲ್ಲದಿದ್ದರೆ ಮೊಳೆ ಬಾಗುತ್ತದೆ.

ಈಗ ಬಿತ್ತಿಗೆ ಟ್ರ್ಯಾಕ್ಟರ್ ಬರುತ್ತದೆ, ಅದರ ಕೂರಿಗೆ ಕಬ್ಬಿಣದ್ದು. ಎಡೆ ಹೊಡೆಯಲು ಮಾತ್ರ ನಮ್ಮಲ್ಲಿ ಇನ್ನೂ ಎತ್ತೇ. ಮೊನ್ನೆ ಬದುವಿನ ಹಳೆ ಮರವೊಂದನ್ನು ಕಡಿಸಿದೆ. ಸುತ್ತ ಎರಡು ಬೆರಳು ಬಿಳಿ, ಉಳಿದದ್ದೆಲ್ಲ ಚೇಗು. ಎಡೆಕುಂಟೆಗೆ ಎರಡು ದಿಂಡು, ಐದಾರು ಕಾವು ಆಗುತ್ತವೆ. ಸದ್ಯ ಕೆರೆಯಲ್ಲಿ ಕಲ್ಲು ಹೇರಿ ಮುಳುಗಿಸಿದ್ದೇನೆ, ಸಂಕ್ರಾಂತಿಗೆ ತೆಗೆಯಬೇಕು.